ಬಲೀಂದ್ರನ ರಾತ್ರಿಯ ಪಣ

‘ಪಣ’ವೆಂಬ ಮಾತಿಗೆ ನಮ್ಮ ಭಾಷೆಯಲ್ಲಿ ಮೂರು ಅರ್ಥಗಳುಂಟು. ಜೂಜಿನಲ್ಲಿ ಒಡ್ಡುವ ವಸ್ತು ಪಣ. ಒಂದು ಕಾಲದಲ್ಲಿ ಚಲಾವಣೆಯಲ್ಲಿದ್ದ ನಾಣ್ಯ ಪಣ. ಮನಸ್ಸನ್ನು ಗಟ್ಟಿಮಾಡಿಕೊಂಡು ತೊಡುವ ಪ್ರತಿಜ್ಞೆಯೂ ಪಣ. ಹಳಗನ್ನಡದ ‘ಪಾಲ್’ ಹಾಲಾದಂತೆ, ‘ಪೂ’ ಹೂವಾದಂತೆ, ಈ ‘ಪಣ’ವೂ ಹೊಸಗನ್ನಡಕ್ಕೆ ಬರುವಾಗ ‘ಹಣ’ವಾಯಿತು. ದಿನಕ್ಕೆ ಹತ್ತು ಸಲ ನಾವು ಹಣವೆನ್ನುತ್ತೇವೆ; ಆ ಮಾತಿಗೂ ಜೂಜಿಗೂ ಇರುವ ಹಳೆಯ ನಂಟು ನಮಗೆ ನೆನಪಾಗುವುದಿಲ್ಲ. ಈ ಹೊತ್ತು ನಾನು ನಾಲ್ಕು ಮಾತು ಹೇಳಬೇಕೆಂದಿರುವುದು ಈ ಪಣಕ್ಕೂ ನಮ್ಮ ಮನೆಗಳ ಹಬ್ಬಕ್ಕೂ ಇರುವ ಸಂಬಂಧವನ್ನು ಕುರಿತು. ನಡುವೆ ಒಂದು ದಿನದ ಮಟ್ಟಿಗೆ ಕುದುರೆ ರೇಸಿನ ಮೈದಾನಕ್ಕೂ ಹೋಗಿಬರಬೇಕಾಗುತ್ತದೆ.

ಹಬ್ಬವೂ ಪಂದ್ಯವೂ ಒಂದೇ ದಿನ ಕೂಡಿಬರುವುದು ನಮ್ಮಲ್ಲಿ ಮಾತ್ರ ಕಾಣುವ ಸಂಗತಿಯಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ನವೆಂಬರ್ ತಿಂಗಳ ಮೊದಲನೆಯ ಮಂಗಳವಾರ ಸಾರ್ವಜನಿಕ ರಜೆ. 1861ರಲ್ಲಿ ಆರಂಭವಾದ ಮೆಲ್ಬರ್ನ್ ಕಪ್ ಎಂಬ ಕುದುರೆ ಓಟವೇ ಅಲ್ಲಿ ಹಬ್ಬ. ಇಟಲಿಯ ಸಿಯೆನಾ ಪಟ್ಟಣದಲ್ಲಿ ಪ್ರತಿ ವರ್ಷ ಜುಲೈ 2 ಮತ್ತು ಆಗಸ್ಟ್ 16ರಂದು ಊರ ನಡುವಣ ಚೌಕದಲ್ಲೇ ಕುದುರೆ ಓಡಿಸುತ್ತಾರೆ. ಓಟಕ್ಕೆ ಮೊದಲು ಆಯಾ ಕೇರಿಯವರು ತಮ್ಮ ಕುದುರೆಯನ್ನು ತಮ್ಮ ಇಗರ್ಜಿಯೊಳಕ್ಕೇ ಕರೆದೊಯ್ದು ಆಶೀರ್ವಾದ ಮಾಡಿಸುತ್ತಾರೆ. ಗೆದ್ದ ಕೇರಿಗೆ ದೊರೆಯುವುದು ಚಿತ್ರ ಬರೆದ ಒಂದು ಪಟ. ನಮ್ಮ ಜಿಲ್ಲೆಯದೇ ಆದ ಸೊರಬ, ಶಿಕಾರಿಪುರಗಳ ಕಡೆ ದೀಪಾವಳಿಗೆ ಹೋರಿಗಳ ಕೊರಳಿಗೆ ಕೊಬ್ಬರಿ ಹಾರ ಕಟ್ಟಿ ಓಡಿಸುತ್ತಾರೆ. ಓಡುವ ಹೋರಿಯ ಹಾರವನ್ನು ಕಿತ್ತವನೇ ಅಂದಿನ ಧೀರ. ಎಲ್ಲ ಕಡೆಯೂ ಯಾರೋ ಗೆಲ್ಲಬೇಕು, ಯಾರೋ ಸೋಲಬೇಕು. ಸೋತವನು ಆಮೇಲೆ ಎಲ್ಲಿಗೆ ಹೋಗುತ್ತಾನೆ ಎಂಬ ಪ್ರಶ್ನೆ ಮಾತ್ರ ಪಂದ್ಯ ಮುಗಿದ ಬಳಿಕ ಉಳಿಯುತ್ತದೆ.

ಕಾರ್ತಿಕ ಶುದ್ಧ ಪಾಡ್ಯಕ್ಕೆ ನಾವು ಬಲಿಪಾಡ್ಯಮಿ ಎನ್ನುತ್ತೇವೆ. ಶಾಸ್ತ್ರದವರು ಅದೇ ತಿಥಿಯನ್ನು ದ್ಯೂತ ಪ್ರತಿಪದೆಯೆಂದೂ ಕರೆದಿದ್ದಾರೆ. ಅಂದು ಶಿವಪಾರ್ವತಿಯರು ಪಗಡೆಯಾಡಿದರೆಂದೂ ಪಾರ್ವತಿ ಗೆದ್ದಳೆಂದೂ ಪುರಾಣದ ಮಾತು. ಹೀಗೆ ಒಂದೇ ದಿನದ ಮೇಲೆ ಎರಡು ಕಥೆಗಳು ಕುಳಿತಿವೆ: ಜೂಜಿಗೆ ಅಪ್ಪಣೆ ಕೊಡುವ ಕಥೆಯೊಂದು, ಬಲಿ ಚಕ್ರವರ್ತಿಯ ಕಥೆ ಮತ್ತೊಂದು. ಬಲಿ ಯಾರು? ಮೂರು ಹೆಜ್ಜೆ ನೆಲದ ಮಾತಿಗೆ ಸಿಕ್ಕಿ ಮೂರು ಲೋಕವನ್ನೂ ಕಳೆದುಕೊಂಡವನು. ಗೆದ್ದ ವಾಮನನ ಹೆಸರಿನಲ್ಲಿ ನಾವು ಅಂದು ದೀಪ ಹಚ್ಚುವುದಿಲ್ಲ; ಸೋತ ಬಲಿಯನ್ನು ವರ್ಷಕ್ಕೊಮ್ಮೆ ಮನೆಗೆ ಕರೆದು ಹಚ್ಚುತ್ತೇವೆ. ಇದರ ಅರ್ಥವೇನೆಂಬುದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಮ್ಮ ಅಜ್ಜಿಯಿಂದ ತಿಳಿದದ್ದು.

ಕುಪ್ಪಳ್ಳಿಗೆ ಬರುವ ಪ್ರವಾಸಿಗರು ಕುವೆಂಪು ಅವರ ಮನೆಯನ್ನು ನೋಡಿಕೊಂಡು ಕವಿಶೈಲಕ್ಕೆ ಏರುತ್ತಾರೆ. ನಡುವೆ ಅಂಗಳವಿಟ್ಟುಕೊಂಡು ಸುತ್ತ ಜಗಲಿ ಹಾಸಿದ ಆ ದೊಡ್ಡ ಮನೆಯಲ್ಲಿ ಕಂಬಗಳನ್ನೂ ಹಳೆಯ ಪಾತ್ರೆ ಪರಡಿಗಳನ್ನೂ ನೋಡಿ ಬೆರಗಾಗುತ್ತಾರೆ. ಅಂಥ ಜಗಲಿಯ ಮೇಲೆ ಹಬ್ಬದ ರಾತ್ರಿ ಎಷ್ಟು ಜನ ಸೇರುತ್ತಿದ್ದರು, ಏನೇನು ನಡೆಯುತ್ತಿತ್ತು ಎಂಬುದನ್ನು ಮಾತ್ರ ಖಾಲಿ ಜಗಲಿ ಹೇಳಲಾರದು. ನಮ್ಮದು ಅಲ್ಲಿಂದ ಕೆಲವು ಮೈಲಿ ಆಚೆಗೆ, ಕಾಡಿನ ಮಗ್ಗುಲಲ್ಲಿದ್ದ ಒಂಟಿಮನೆ. ಅಷ್ಟು ದೊಡ್ಡದಲ್ಲ, ಆದರೆ ಅದೇ ಜಾತಿಯದು. ಮುಂದೆ ಗದ್ದೆ, ಹಿಂದೆ ಅಡಿಕೆ ತೋಟ, ಸುತ್ತ ಕಾಡು.

ಮಲೆನಾಡಿನಲ್ಲಿ ಹಬ್ಬಗಳು ನೆಲದ ಜೊತೆಗೆ ಬರುತ್ತವೆ. ದೀಪಾವಳಿಗೆ ಹದಿನೈದು ದಿನ ಮೊದಲು, ಆಶ್ವಯುಜದ ಹುಣ್ಣಿಮೆಯಂದು, ಭೂಮಿ ಹುಣ್ಣಿಮೆ. ತೆನೆ ಕಟ್ಟುತ್ತಿರುವ ಗದ್ದೆಯನ್ನು ಬಸುರಿಯೆಂದು ಭಾವಿಸಿ, ಬಯಕೆಯ ಅಡಿಗೆ ಮಾಡಿ, ನಸುಕಿನಲ್ಲೇ ಗದ್ದೆಗೆ ಬಡಿಸಿ ಬರುತ್ತಾರೆ. ಆಮೇಲೆ ದೀಪಾವಳಿ. ಮೊದಲ ದಿನ ಹಂಡೆಗೆ ನೀರು ತುಂಬುವುದು. ಆ ರಾತ್ರಿ ಹುಡುಗರು ಬೂರೆ ಹಾಯುವುದು, ಎಂದರೆ ಪಕ್ಕದ ಮನೆಯ ಹಿತ್ತಲಿನಿಂದ ಸೌತೆಕಾಯಿ, ಎಳನೀರು ಕದ್ದು ತಿನ್ನುವುದು. ಬೇರೆ ದಿನ ಹಾಗೆ ಮಾಡಿದವನಿಗೆ ಬೆನ್ನು ಮುರಿಯುವಂತೆ ಏಟು ಬೀಳುತ್ತಿತ್ತು. ಆ ಒಂದು ರಾತ್ರಿ ಕದ್ದರೆ ಹಿತ್ತಲಿನ ಯಜಮಾನ ಬೆಳಿಗ್ಗೆ ಬೈಯುವ ಶಾಸ್ತ್ರ ಮಾಡಿ ನಗುತ್ತಿದ್ದ. ಪಾಡ್ಯದ ದಿನ ಗೋಪೂಜೆ. ದನಕರುಗಳಿಗೆ ಮೀಯಿಸಿ, ಮೈಗೆ ಕೆಮ್ಮಣ್ಣಿನ ಗುಂಡುಗುಂಡು ಮುದ್ರೆಯೊತ್ತಿ, ಅಡಿಕೆ, ವೀಳ್ಯದೆಲೆ, ಚೆಂಡುಹೂವಿನ ಸರ ಕಟ್ಟಿ, ಕಡುಬು ತಿನ್ನಿಸಿ ಬಿಡುತ್ತಿದ್ದೆವು. ವರ್ಷವಿಡೀ ನೊಗ ಹೊತ್ತ ಎತ್ತಿಗೆ ಅಂದು ಯಾರೂ ಕೆಲಸ ಹೇಳುವಂತಿರಲಿಲ್ಲ.

ಕತ್ತಲಾದ ಮೇಲೆ ಅಂಟಿಗೆ ಪಂಟಿಗೆಯವರು ಬರುತ್ತಿದ್ದರು. ಬಲೀಂದ್ರನ ದೀಪವನ್ನು ಗಾಳಿಗೆ ಆರದಂತೆ ಮರೆಮಾಡಿಕೊಂಡು, ಹಾಡುತ್ತ, ಮನೆಯಿಂದ ಮನೆಗೆ, ಹಳ್ಳ ದಾಟಿ, ಕಾಡು ದಾಟಿ ನಡೆಯುವ ಗುಂಪು ಅದು. ಅವರ ದೀಪದಿಂದ ನಮ್ಮ ದೀಪ ಹೊತ್ತಿಸಿಕೊಂಡು, ಅವರ ದೀಪಕ್ಕೆ ನಮ್ಮ ಮನೆಯ ಎಣ್ಣೆ ಎರೆಯುವುದು ಪದ್ಧತಿ. ನಮ್ಮಲ್ಲಿ ಎಣ್ಣೆ ಎರೆಯುತ್ತಿದ್ದವರು ಅಜ್ಜಿ. ಅವರು ಮುಂದಿನ ಮನೆಗೆ ಹೋದ ಬಳಿಕ ಜಗಲಿಯ ಮೇಲೆ ಚಾಪೆ ಹಾಸಿ ಇಸ್ಪೀಟಿಗೆ ಕೂರುತ್ತಿದ್ದರು. ಊರಿನಿಂದ ಬಂದ ಅಳಿಯಂದಿರು, ಸೋದರಮಾವಂದಿರು, ಆಳುಗಳು, ಹುಡುಗರು ಎಲ್ಲರಿಗೂ ಅಲ್ಲಿ ಜಾಗವಿತ್ತು.

ಆ ಆಟಕ್ಕೆ ಅಜ್ಜಿ ಮಾಡಿದ ಕಟ್ಟುಗಳು ಮೂರು. ಮೊದಲನೆಯದು, ಪಣಕ್ಕೆ ದುಡ್ಡು ಕೂಡದು, ಗೋಟಡಿಕೆ ಮಾತ್ರ. ಒಂದು ಬುಟ್ಟಿಯಿಂದ ತಲೆಗೆ ನೂರರಂತೆ ಅವರೇ ಎಣಿಸಿ ಕೊಡುತ್ತಿದ್ದರು. ಎರಡನೆಯದು, ಕೂತವರಲ್ಲಿ ಯಾರೇ ಎಲ್ಲವನ್ನೂ ಸೋತರೆ ಗೆದ್ದವನು ತನ್ನ ರಾಶಿಯಿಂದ ಅವನಿಗೆ ಹತ್ತು ಅಡಿಕೆ ಸಾಲ ಕೊಡಬೇಕು. ಆಟದಿಂದ ಯಾರೂ ಎದ್ದುಹೋಗುವಂತಿಲ್ಲ. ಮೂರನೆಯದು, ಮೊದಲ ಕೋಳಿ ಕೂಗಿದ ಕೂಡಲೇ ಎಲ್ಲರ ಅಡಿಕೆಯೂ ಮತ್ತೆ ಬುಟ್ಟಿಗೆ ಬೀಳಬೇಕು. ಹುಡುಗನಾಗಿದ್ದಾಗ ಒಮ್ಮೆ ನನಗೆ ಇನ್ನೂರಕ್ಕೆ ಮೇಲೆ ಅಡಿಕೆ ಬಂದಿತ್ತು. ಅದನ್ನು ಬುಟ್ಟಿಗೆ ಸುರಿಯುವಾಗ ಅಳು ಬಂದಂತಾಗಿ, ‘ಹಂಗಾದ್ರೆ ಗೆದ್ದು ಏನು ಬಂತು ಅಜ್ಜಿ?’ ಎಂದು ಕೇಳಿದೆ. ‘ಬೆಳಗಾಯ್ತು ಕಣೊ, ಅದೇ ಬಂತು’ ಎಂದರು.

ನನ್ನ ಚಿಕ್ಕಯ್ಯನಿಗೆ ಆ ಬುಟ್ಟಿ ಸಾಲದಾಯಿತು. ಮೈಸೂರಿನಲ್ಲಿ ಎರಡು ವರ್ಷ ಓದಿ ಊರಿಗೆ ಮರಳಿದವರು ಅವರು. ಓದಿನ ಹುಚ್ಚು ಅಲ್ಲೇ ಉಳಿಯಿತು, ಕುದುರೆಯ ಹುಚ್ಚು ಜೊತೆಗೆ ಬಂತು. ನಮ್ಮ ಸೀಮೆಯ ಗುಡ್ಡಗದ್ದೆಗಳಲ್ಲಿ ಕುದುರೆಗೆ ಕೆಲಸವಿಲ್ಲ. ಬೇಸಾಯದ ಮನೆಯಲ್ಲಿ ಕುದುರೆ ಕಂಡವರಿಲ್ಲ. ಆದ್ದರಿಂದಲೇ ಇರಬೇಕು, ಆ ಪ್ರಾಣಿ ಅವರ ಕಣ್ಣಿಗೆ ಗಂಧರ್ವಲೋಕದ್ದಾಗಿ ಕಂಡಿತು. ಪ್ರತಿ ವರ್ಷ ದಸರೆಯ ಹೊತ್ತಿಗೆ ಮಂಡಿಯಿಂದ ಅಡಿಕೆಯ ಮೇಲೆ ಮುಂಗಡ ತೆಗೆದುಕೊಂಡು ಮೈಸೂರಿಗೆ ಹೊರಡುವುದು ಅವರ ಪದ್ಧತಿಯಾಯಿತು.

1981ರ ದಸರಾ ರಜೆಯಲ್ಲಿ ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತ ಹಾಸ್ಟೆಲಿನಲ್ಲೇ ಉಳಿದಿದ್ದೆ. ಚಿಕ್ಕಯ್ಯ ಬಂದು, ‘ನಿನ್ನ ಪಂಪ ರನ್ನರು ಒಂದಿನ ಕಾಯ್ತಾರೆ, ಬಾರೊ ಮಾರಾಯ, ಕುದುರೆ ತೋರಿಸ್ತೀನಿ’ ಎಂದು ಎಬ್ಬಿಸಿಕೊಂಡು ಹೋದರು. ಚಾಮುಂಡಿ ಬೆಟ್ಟದ ಬುಡದಲ್ಲಿರುವ ಆ ರೇಸ್ ಮೈದಾನವನ್ನು ನೋಡಿದವರಿಗೆ ಅದರ ಚೆಲುವನ್ನು ಹೇಳಬೇಕಾಗಿಲ್ಲ. ಹಸಿರು ಹುಲ್ಲು, ಬಿಳಿಯ ಬೇಲಿ, ಹಿನ್ನೆಲೆಗೆ ಬೆಟ್ಟ. ಓಟಕ್ಕೆ ಮೊದಲು ಕುದುರೆಗಳನ್ನು ಒಂದು ಆವರಣದಲ್ಲಿ ಸುತ್ತು ತಿರುಗಿಸಿ ಜನಕ್ಕೆ ತೋರಿಸುತ್ತಾರೆ. ಮೈ ಮಿರುಗುವ, ಕಿವಿ ನಿಮಿರಿದ, ನೆಲ ಸೋಕಿಯೂ ಸೋಕದಂತೆ ಹೆಜ್ಜೆಯಿಡುವ ಆ ಪ್ರಾಣಿಗಳನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಕನ್ನಡದಲ್ಲಿ ಅಭಿನವಚಂದ್ರನಂಥವನು ಅಶ್ವವೈದ್ಯಕ್ಕೇ ಒಂದು ಗ್ರಂಥ ಬರೆದದ್ದೇಕೆ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳಿಗೆ ಅಷ್ಟು ಜಾಗ ಕೊಟ್ಟದ್ದೇಕೆ ಎಂಬುದು ಆ ಬೇಲಿಯ ಬಳಿ ನಿಂತಾಗ ಅರ್ಥವಾಯಿತು.

ಚಿಕ್ಕಯ್ಯನ ತಿಳಿವಳಿಕೆ ಕಂಡು ನನಗೆ ಮತ್ತಷ್ಟು ಆಶ್ಚರ್ಯ. ಇಂಗ್ಲೆಂಡಿಗೆ ಮೂರು ಶತಮಾನದ ಹಿಂದೆ ಪೂರ್ವದೇಶಗಳಿಂದ ಹೋದ ಮೂರು ಗಂಡು ಕುದುರೆಗಳ ವಂಶವೇ ಇಂದು ಲೋಕದ ರೇಸಿನಲ್ಲಿ ಓಡುತ್ತಿರುವ ತಳಿಯೆಂದರು. ಯಾವ ತಿಂಗಳಲ್ಲಿ ಹುಟ್ಟಿದರೂ ಲೆಕ್ಕಕ್ಕೆ ನಮ್ಮ ದೇಶದ ಎಲ್ಲ ರೇಸ್ ಕುದುರೆಗಳ ಹುಟ್ಟುಹಬ್ಬವೂ ಜನವರಿ 1ರಂದೇ ಎಂದರು. ಸಮಬಲದ ಓಟವಾಗಲೆಂದು ಹೆಚ್ಚು ಗೆದ್ದ ಕುದುರೆಯ ಬೆನ್ನಿಗೆ ಹೆಚ್ಚು ತೂಕ ಹೊರಿಸುವ ಕ್ರಮವನ್ನು ವಿವರಿಸಿದರು. ತಾತಂದಿರ ವಂಶಾವಳಿಯನ್ನು ಹೀಗೆ ಬಾಯಿಪಾಠ ಮಾಡಿದವರನ್ನು ನಾನು ಶಾಸನಗಳ ತರಗತಿಯಲ್ಲೂ ಕಂಡಿರಲಿಲ್ಲ.

ಓಟವೆಂಬುದು ಒಂದೂವರೆ ನಿಮಿಷದ ಮಾತು. ದೂರದಲ್ಲಿ ಬಣ್ಣದ ಚುಕ್ಕೆಗಳು. ತಿರುವಿನಲ್ಲಿ ಒಂದು ಮುದ್ದೆ. ಆಮೇಲೆ ಕಾಲಡಿಯ ನೆಲವೇ ಗುಡುಗಿದ ಹಾಗೆ. ಪಕ್ಕದಲ್ಲಿ ನಿಂತಿದ್ದ ಸಭ್ಯರೆಲ್ಲ ಒಂದೇ ಗಂಟಲಿನಲ್ಲಿ ಕೂಗತೊಡಗಿದರು. ಮುಗಿದೊಡನೆ ಆ ಗಂಟಲು ಒಡೆದು ಸಾವಿರ ತುಂಡಾಯಿತು. ನಗುವವರು ಹತ್ತು ಮಂದಿಯಾದರೆ ಟಿಕೀಟು ಹರಿದು ಎಸೆಯುವವರು ನೂರು ಮಂದಿ. ಒಬ್ಬ ಮುದುಕ ಬಗ್ಗಿಬಗ್ಗಿ ನೆಲದ ಮೇಲಿನ ಟಿಕೀಟುಗಳನ್ನು ಆರಿಸಿ ನೋಡುತ್ತಿದ್ದ. ಗೆದ್ದ ಟಿಕೀಟನ್ನು ಯಾರಾದರೂ ತಪ್ಪಿ ಎಸೆದಿರಬಹುದೆಂಬ ಆಸೆ ಅವನಿಗೆ. ಅವನ ಕಡೆ ಯಾರೂ ನೋಡಲಿಲ್ಲ.

ಅಂದು ಚಿಕ್ಕಯ್ಯನಿಗೆ ಐದನೆಯ ಓಟದಲ್ಲಿ ಒಳ್ಳೆಯ ದುಡ್ಡು ಬಂತು. ಆ ದುಡ್ಡು ಎಲ್ಲಿಂದ ಬರುತ್ತದೆಂದು ಕೇಳಿದೆ. ಟೋಟಿನ ಲೆಕ್ಕ ಬಹಳ ಸುಲಭವೆಂದರು: ಎಲ್ಲರೂ ಕಟ್ಟಿದ ಹಣವನ್ನು ಒಂದೆಡೆ ಕೂಡಿಸುತ್ತಾರೆ, ಅದರಲ್ಲಿ ತೆರಿಗೆಯನ್ನೂ ಕ್ಲಬ್ಬಿನ ಪಾಲನ್ನೂ ತೆಗೆಯುತ್ತಾರೆ, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಆ ಗೆಲುವಿನಲ್ಲಿ ಅವರು ಅಜ್ಜಿಗೊಂದು ಮೈಸೂರು ರೇಷ್ಮೆಯ ಸೀರೆ ಕೊಂಡರು. ದೀಪಾವಳಿಗೆ ಊರಿಗೆ ಹೋಗಿ ಕೊಟ್ಟಾಗ ಅಜ್ಜಿ ಸಂತೋಷಪಟ್ಟು, ದುಡ್ಡಿನ ಮೂಲ ಕೇಳಿದರು. ತಿಳಿದ ಮೇಲೆ ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟರು. ‘ಗೆದ್ದ ದುಡ್ಡು ಆಕಾಶದಿಂದ ಬೀಳ್ತದೇನೊ? ಯಾರೋ ಸೋತವರ ಮನೇದು’ ಎಂದರು. ಟೋಟಿನ ಹೆಸರನ್ನೇ ಕೇಳದ ಮುದುಕಿ ಅದರ ಲೆಕ್ಕವನ್ನು ಒಂದು ವಾಕ್ಯದಲ್ಲಿ ಹೇಳಿಬಿಟ್ಟಿದ್ದರು.

ಮುಂದಿನ ಏಳು ವರ್ಷಗಳ ಕಥೆಯನ್ನು ಬೆಳೆಸುವುದಿಲ್ಲ. ದಸರೆಯ ಒಂದು ದಿನ ಎರಡಾಯಿತು, ಎರಡು ವಾರವಾಯಿತು. ಒಂದು ಊರಿನ ರೇಸು ಮುಗಿದರೆ ಇನ್ನೊಂದು ಊರಿನದು. ಪಾಲಿಗೆ ಬಂದಿದ್ದ ಎರಡು ಎಕರೆ ತೋಟ ಅಡವಿಗೆ ಬಿತ್ತು, ಬಿಡಿಸಲಾಗದೆ ಹೋಯಿತು. ಚಿಕ್ಕಮ್ಮನೂ ಮಕ್ಕಳೂ ತೀರ್ಥಹಳ್ಳಿಯ ಬಾಡಿಗೆ ಮನೆ ಸೇರಿದರು. ಚಿಕ್ಕಯ್ಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯತೊಡಗಿದರು. ಎರಡು ದೀಪಾವಳಿಗೆ ಅವರು ಮನೆಗೆ ಬರಲಿಲ್ಲ, ನಾಚಿಕೆ. ಕರೆಯಲು ಅಪ್ಪಯ್ಯನೂ ಹೋಗಲಿಲ್ಲ, ಸಿಟ್ಟು. ಮನೆತನದ ನೆಲವನ್ನು ಕಳೆದವನ ಮೇಲಿನ ಸಿಟ್ಟು ಎಂಥದೆಂಬುದು ಅಡಿಕೆಯ ಸೀಮೆಯವರಿಗೆ ಗೊತ್ತು. ಮೂರನೆಯ ವರ್ಷ ಅಪ್ಪಯ್ಯ, ಈ ಮನೆಯಲ್ಲಿ ಇನ್ನು ಹಬ್ಬದ ರಾತ್ರಿಯೂ ಇಸ್ಪೀಟು ಬೇಡವೆಂದು ಹೇಳಿದರು. ಅವರ ಮಾತು ನ್ಯಾಯವಾದದ್ದೇ. ಎಲ್ಲರೂ ತಲೆದೂಗಿದೆವು.

ಅಜ್ಜಿಗೆ ಆಗ ಎಂಬತ್ತು ದಾಟಿತ್ತು. ಗೋಪೂಜೆಯ ಹೂಸರ ಕಟ್ಟುತ್ತ ಕೂತಿದ್ದವರು ತಲೆಯೆತ್ತಿ ಅಪ್ಪಯ್ಯನಿಗೆ ಹೇಳಿದರು: ‘ಬಲೀಂದ್ರ ಮೂರು ಲೋಕ ಕಳ್ಕಂಡವ. ಅವನ್ನ ವರ್ಷ ವರ್ಷ ಕರೆದು ದೀಪ ಇಡ್ತೀವಿ. ಎರಡೆಕರೆ ಕಳ್ಕಂಡವನಿಗೆ ಒಂದು ಎಲೆ ಹಾಕಾದಿಲ್ವೇನೊ?’ ಅಪ್ಪಯ್ಯ ಏನೂ ಹೇಳದೆ ಅಂಗಿ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟರು. ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದಿಳಿದರು. ದಾರಿಯಲ್ಲಿ ಮಾತಾಡಿದ ಹಾಗೆ ಕಾಣಲಿಲ್ಲ.

ಆ ರಾತ್ರಿ ದೀಪದವರು ಹೋದ ಮೇಲೆ ಅಜ್ಜಿಯೇ ಚಾಪೆ ಹಾಸಿಸಿದರು. ಎಲ್ಲರಿಗೂ ಎಣಿಸಿದ ಹಾಗೆಯೇ ಚಿಕ್ಕಯ್ಯನ ಮುಂದೆಯೂ ನೂರು ಗೋಟಡಿಕೆ ಎಣಿಸಿಟ್ಟರು. ಮೊದಲು ಕೈ ಹಿಂದೆ ಮಾಡಿ ಕೂತಿದ್ದವರು ನಿಧಾನವಾಗಿ ಎಲೆ ಎತ್ತಿಕೊಂಡರು. ಬೆಳಗಿನ ಜಾವಕ್ಕೆ ಎಲ್ಲರಿಗಿಂತ ದೊಡ್ಡ ರಾಶಿ ಅವರ ಮುಂದಿತ್ತು. ಕೋಳಿ ಕೂಗಿತು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಅವರು ಎರಡು ಕೈಯಲ್ಲೂ ಬಾಚಿ ಅಷ್ಟನ್ನೂ ಬುಟ್ಟಿಗೆ ಸುರಿದರು.

ಅಂದಿನಿಂದ ಚಿಕ್ಕಯ್ಯ ರೇಸನ್ನು ಬಿಟ್ಟರು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು. ಆಮೇಲೂ ಎರಡು ಮೂರು ಸಲ ಹೋಗಿದ್ದರು. ಆದರೆ ಯಾವ ದೀಪಾವಳಿಯನ್ನೂ ತಪ್ಪಿಸಲಿಲ್ಲ. ಅಪ್ಪಯ್ಯನೊಡನೆ ಮಾತೂ ಕೂಡಿಬಂತು. ಅವರ ಮಗಳ ಮದುವೆಗೆ ಅಜ್ಜಿ ಪೆಟ್ಟಿಗೆಯಿಂದ ಆ ರೇಷ್ಮೆ ಸೀರೆಯನ್ನು ತೆಗೆದುಕೊಟ್ಟರು. ಅಷ್ಟು ವರ್ಷಗಳ ಗೆಲುವಿನಲ್ಲಿ ಉಳಿದದ್ದು ಅದೊಂದೇ. ಕುದುರೆ ಓಟ ಬರಿಯ ಅದೃಷ್ಟದ ಆಟವಲ್ಲ, ಅದರಲ್ಲಿ ಕೌಶಲವೇ ಹೆಚ್ಚಿನದು ಎಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಾಗ ಚಿಕ್ಕಯ್ಯ ನನಗೊಂದು ಕಾರ್ಡು ಬರೆದರು: ‘ಕೋರ್ಟು ನನ್ನ ಪರ ಆಯಿತು. ತೋಟ ಮಾತ್ರ ಬರಲಿಲ್ಲ.’

ತರಗತಿಯಲ್ಲಿ ನಳನ ಕಥೆಯನ್ನು ಪಾಠ ಮಾಡುವಾಗಲೆಲ್ಲ ನನಗೆ ಈ ಕಾರ್ಡು ನೆನಪಾಗುತ್ತಿತ್ತು. ಕನಕದಾಸರ ‘ನಳಚರಿತ್ರೆ’ಯಿಂದ ಅದು ಕನ್ನಡದ ಮನೆಮನೆಯ ಕಥೆ. ಜೂಜು ಮತ್ತು ಕುದುರೆ ಎರಡೂ ಅಲ್ಲಿ ಒಂದೇ ರಥದಲ್ಲಿ ಪ್ರಯಾಣ ಮಾಡುತ್ತವೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಋತುಪರ್ಣನ ಸಾರಥಿಯಾಗಿದ್ದಾನೆ. ಅವನಿಗೆ ಕುದುರೆಯ ಹೃದಯ ಗೊತ್ತು, ಪಗಡೆಯ ಹೃದಯ ಗೊತ್ತಿಲ್ಲ. ಮಹಾಭಾರತದಲ್ಲಿ ಬರುವಂತೆ, ಓಡುವ ರಥದಿಂದಲೇ ಋತುಪರ್ಣ ಒಂದು ತಾರೆ ಮರದ ಎಲೆಕಾಯಿಗಳನ್ನು ಎಣಿಸಿ ಹೇಳುತ್ತಾನೆ. ಇಬ್ಬರೂ ವಿದ್ಯೆಗಳನ್ನು ಬದಲಾಯಿಸಿಕೊಳ್ಳುತ್ತಾರೆ. ನಳನ ಮೈಬಿಟ್ಟ ಕಲಿ ಅದೇ ತಾರೆ ಮರವನ್ನು ಹೊಗುತ್ತಾನೆ. ನಮ್ಮ ಕಾಡಿನಲ್ಲಿ ಅಳಲೆ, ನೆಲ್ಲಿಗಳ ಜೊತೆಗೆ ಬೆಳೆಯುವ ತಾರೆಯೇ ಅದು. ವೇದಕಾಲದವರು ಜೂಜಾಡುತ್ತಿದ್ದದ್ದೂ ಅದರ ಕಾಯಿಗಳಿಂದಲೇ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಒಬ್ಬ ಜೂಜುಗಾರನ ಅಳಲಿನ ಸೂಕ್ತವಿದೆ. ಹೆಂಡತಿ ದೂರವಾದಳು, ಮನೆಯವರು ಕೈಬಿಟ್ಟರು ಎಂಬ ಆ ಗೋಳು ಮೂರು ಸಾವಿರ ವರ್ಷದ ಮೇಲೂ ಹಳತಾಗಿಲ್ಲ.

ನಳನ ಕಥೆಯ ಕೊನೆಯನ್ನು ನಾವು ಅವಸರದಲ್ಲಿ ಓದುತ್ತೇವೆ. ಮರಳಿ ಬಂದ ನಳ ಪುಷ್ಕರನೊಡನೆ ಮತ್ತೆ ಆಡಿ ಎಲ್ಲವನ್ನೂ ಗೆಲ್ಲುತ್ತಾನೆ. ಗೆದ್ದ ಮೇಲೆ ಮಾಡುವುದೇನು? ಸೋತ ತಮ್ಮನನ್ನು ಅಪ್ಪಿಕೊಂಡು, ಅವನ ಪಾಲನ್ನು ಅವನಿಗೆ ಕೊಟ್ಟು ಕಳಿಸುತ್ತಾನೆ. ಜೂಜಿನ ವಿದ್ಯೆಯ ತಿರುಳು ಎಣಿಕೆಯಲ್ಲಿರುವುದಕ್ಕಿಂತ ಈ ಹಿಂದಿರುಗಿಸುವಿಕೆಯಲ್ಲಿದೆ ಎಂದು ನನಗೆ ತೋರುತ್ತದೆ. ಅಜ್ಜಿಯ ಬುಟ್ಟಿಯೂ ಅದನ್ನೇ ಹೇಳುತ್ತಿತ್ತು. ಮನುಷ್ಯನಿಗೆ ಪಣದ ರುಚಿ ಇದೆ. ಅದನ್ನು ಇಲ್ಲವೆಂದರೆ ಹೋಗುವುದಿಲ್ಲ. ಹಬ್ಬ ಅದಕ್ಕೊಂದು ರಾತ್ರಿ ಕೊಟ್ಟಿತು, ಒಂದು ಜಗಲಿ ಕೊಟ್ಟಿತು, ಸುತ್ತ ಮನೆಯವರನ್ನು ಕೂರಿಸಿತು, ಕೋಳಿ ಕೂಗಿದಾಗ ಎಬ್ಬಿಸಿತು.

ಇಂದು ಆ ಬೇಲಿಗಳು ಒಂದೊಂದಾಗಿ ಹೋಗಿವೆ. ರೇಸಿಗಾದರೂ ಒಂದು ಮೈದಾನವಿತ್ತು, ಒಂದು ಋತುವಿತ್ತು, ಪಕ್ಕದಲ್ಲಿ ನಿಂತವನ ಮುಖವಿತ್ತು. ಅಂಗೈಯ ಫೋನಿಗೆ ಅದೂ ಇಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು; ಅದರ ಅಗತ್ಯ ಎಷ್ಟಿತ್ತೆಂಬುದು ಬಹಳ ಮನೆಗಳಿಗೆ ಗೊತ್ತು. ನಮ್ಮ ಕುಟುಂಬದಲ್ಲೂ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗನೊಬ್ಬ ಕೋಣೆಯ ಬಾಗಿಲು ಹಾಕಿಕೊಂಡು, ಒಬ್ಬನೇ ಕೂತು, ಒಂದು ವರ್ಷದ ಸಂಬಳವನ್ನು ಹೀಗೆ ಕಳೆದ. ಅವನು ಸೋತದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಗೆದ್ದವರಾರೆಂಬುದು ಅವನಿಗೂ ತಿಳಿಯಲಿಲ್ಲ. ಆ ವರ್ಷದ ದೀಪಾವಳಿಗೆ ರಜೆ ಸಿಗಲಿಲ್ಲವೆಂದು ತಿಳಿಸಿದ.

ಕಾನೂನು ತನ್ನ ಕೆಲಸ ಮಾಡಲಿ. ಮನೆ ಮಾಡಬೇಕಾದ ಕೆಲಸವೊಂದು ಬೇರೆಯಿದೆ. ಮರುವರ್ಷ ಅವನ ತಾಯಿಯ ಜೊತೆ ನಾನೂ ಹೋಗಿ ಅವನನ್ನು ಊರಿಗೆ ಕರೆತಂದೆ. ಈಗ ಅಂಟಿಗೆ ಪಂಟಿಗೆಯ ಗುಂಪುಗಳು ಕಡಿಮೆಯಾಗಿವೆ. ನಮ್ಮ ಭಾಗ್ಯ, ಒಂದು ಗುಂಪು ಇನ್ನೂ ನಮ್ಮ ಅಂಗಳಕ್ಕೆ ಬರುತ್ತದೆ. ಅವರ ದೀಪಕ್ಕೆ ಅವನ ಕೈಯಲ್ಲೇ ಎಣ್ಣೆ ಎರೆಸಿದೆವು. ಆಮೇಲೆ ಚಾಪೆ ಹಾಸಿ, ಬುಟ್ಟಿ ತರಿಸಿ, ಎಲ್ಲರ ಜೊತೆಗೆ ಅವನಿಗೂ ನೂರು ಗೋಟಡಿಕೆ ಎಣಿಸಿ ಕೊಟ್ಟೆ. ಅವನು ಒಂದು ಗಂಟೆಯೊಳಗೇ ಅಷ್ಟನ್ನೂ ಸೋತ. ಗೆದ್ದಿದ್ದ ಅವನ ಪುಟ್ಟ ತಂಗಿ ಮುಖ ಸಣ್ಣದು ಮಾಡಿಕೊಂಡು ತನ್ನ ರಾಶಿಯಿಂದ ಹತ್ತು ಅಡಿಕೆ ಎಣಿಸಿ ಅವನ ಮುಂದಿಟ್ಟಳು. ಆಟ ಬೆಳಗಿನವರೆಗೂ ನಡೆಯಿತು.